ತಾರಸಿಯಿಂದ ಬಿದ್ದ ಎರಡು ಚಪ್ಪಲಿಗಳ ಬಗ್ಗೆ

ನಾನು, ಬಸ್ ಸಿಬ್ಬಂದಿಯ ಬಾಯಲ್ಲಿ ‘ಹದ್ದು’, ವಯಸ್ಸು 61, ನಿವೃತ್ತ ಟಿಕೆಟ್ ತಪಾಸಣಾಧಿಕಾರಿ, ವಾಸ ಬಸ್ ಡಿಪೋ ಹಿಂಬದಿ ಬೀದಿಯ ಮೂರನೇ ಮನೆ, ಮನೆ ಬ್ರೋಕರ್ ಕೊಟ್ಟ ದೂರಿನ ಬಗ್ಗೆ ಠಾಣೆಯಲ್ಲಿ ತಾವು ವಿಚಾರಿಸಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿ 26 ವರ್ಷ ರವಿಕೆ ಹೊಲಿದು ಉಳಿಸಿದ ದುಡ್ಡಿನಲ್ಲಿ ಬಾಡಿಗೆಗೆ ಬಿಡಲು ಒಂದು ಮನೆ ಕೊಳ್ಳಬೇಕೆಂದಿದ್ದಾಳೆ. ಈಗ ಅವಳಿಗೆ ಸೂಜಿಯ ಕಣ್ಣು ಕಾಣಿಸುವುದಿಲ್ಲ. ಬಾಡಿಗೆ ಬಂದರೆ ಮೆಷಿನ್ ಮುಚ್ಚಿಡಬಹುದು ಎಂಬುದು ಅವಳ ಆಸೆ. ಏಳು ಮನೆಗಳನ್ನು ನಾನು ಬೇಡ ಎಂದಿರುತ್ತೇನೆ. ಎಂಟನೆಯದು ದೂರಿನಲ್ಲಿರುವ ಸದರಿ ಮನೆ. ಬ್ರೋಕರ್ ಮೂರು ಸಲ ತೋರಿಸಿದ್ದು, ಮೂರೂ ಸಲ ಮಧ್ಯಾಹ್ನ 12ಕ್ಕೆ. ನಲ್ಲಿಯಲ್ಲಿ ನೀರು ಧಾರಾಳವಾಗಿತ್ತು, ಬೀದಿಯಲ್ಲಿ ಸದ್ದೇ ಇರಲಿಲ್ಲ. ಕಾಗದಪತ್ರ ಸರಿಯಿದೆ ಎಂದು ವಕೀಲರೂ ಹೇಳಿದರು. ಎಲ್ಲ ಇಷ್ಟೊಂದು ಸರಿಯಿದ್ದದ್ದೇ ನನಗೆ ಸರಿಕಾಣಲಿಲ್ಲ. 33 ವರ್ಷದ ಸೇವೆಯಲ್ಲಿ ನಾನು ಕಂಡುಕೊಂಡದ್ದು ಇಷ್ಟೇ: ಹೇಳಿ ಹೋದರೆ ಬಸ್ಸಿನಲ್ಲಿ ಎಲ್ಲರ ಹತ್ತಿರವೂ ಟಿಕೆಟ್ ಇರುತ್ತದೆ.

ನಿನ್ನೆ ಸಂಜೆ ಇದನ್ನು ಹೇಳಿದಾಗ ಹೆಂಡತಿಯು, ನಿಮ್ಮ ಅನುಮಾನಕ್ಕೆ ಮದ್ದಿಲ್ಲ ಕಣ್ರೀ, ನಾಳೆ ಹನ್ನೆರಡಕ್ಕೆ ನಾನೇ ಹೋಗಿ ಮುಂಗಡ ಕೊಟ್ಟು ಬರ್ತೀನಿ, ನೀವು ತೆಪ್ಪಗೆ ಮನೇಲಿರಿ ಎಂದಳು.

ಇಂದು ಬೆಳಿಗ್ಗೆ 6-40ಕ್ಕೆ ವಾಕಿಂಗ್ ಎಂದು ಹೇಳಿ ಹೊರಟೆ. ಕದ್ದು ತಪಾಸಣೆ ಮಾಡುವಾಗ ರಿಂಗಾದರೆ ಕೆಲಸ ಕೆಡುತ್ತದೆಂದು ಫೋನನ್ನು ಮನೆಯಲ್ಲೇ ಬಿಟ್ಟಿದ್ದೆ. 7-05ಕ್ಕೆ ಸದರಿ ಮನೆ ತಲುಪಿದೆ. ಹೊರಗಿನ ಮೆಟ್ಟಿಲಿನ ಗೇಟಿಗೆ ಬೀಗ ಇರಲಿಲ್ಲ. ತಾರಸಿಗೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದೆ. ಒಳಗೆ ಒಂದು ಹನಿ ನೀರಿಲ್ಲ, ಒಂದು ಹಲ್ಲಿ ಇತ್ತು.

7-30ಕ್ಕೆ ನೀರಿನ ಟ್ಯಾಂಕರ್ ಬಂತು. ನಾನು ಟ್ಯಾಂಕಿನ ಹಿಂದೆ ಅಡಗಿದೆ. ಬ್ರೋಕರ್‌ನ ಆಳು ಪೈಪ್ ಎಳೆದು ತಂದು ಟ್ಯಾಂಕ್ ತುಂಬಿಸುತ್ತಾ ಡ್ರೈವರ್‌ಗೆ, ಬೋರ್‌ವೆಲ್ ಬತ್ತಿ ಎರಡು ವರ್ಷ ಆಯ್ತು, ಇವತ್ತೊಂದಿನ ನೀರು ಬಂದ್ರೆ ಆ ಮುದುಕನ ಕಾಟ ಮುಗೀತು ಎಂದದ್ದನ್ನು ನಾಲ್ಕು ಅಡಿ ದೂರದಿಂದ ಕೇಳಿದೆ. ಮುದುಕ ಯಾರೆಂದು ತಿಳಿಯಲು ತಡವಾಗಲಿಲ್ಲ. ಆಗಲೇ ಏಕೆ ಎದ್ದು ಬರಲಿಲ್ಲ ಎಂದು ತಾವು ಕೇಳಿದ್ದೀರಿ. ಟಿಕೆಟ್ ಇಲ್ಲದವನನ್ನು ನಾವು ಹತ್ತುವಾಗ ಹಿಡಿಯುವುದಿಲ್ಲ, ಇಳಿಯುವಾಗ ಹಿಡಿಯುತ್ತೇವೆ. ಹಾಗಾಗಿ ಕಾದೆ. 8-40ಕ್ಕೆ ಟ್ಯಾಂಕ್ ತುಂಬಿ ಆಳು ಇಳಿದು ಹೋಗುವಾಗ ಗೇಟಿಗೆ ಬೀಗ ಜಡಿದು ಹೋದ. ಇದನ್ನು ನಾನು ಎಣಿಸಿರಲಿಲ್ಲ.

8-45ಕ್ಕೆ ಪಕ್ಕದ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣ ಕೊಯ್ಯಲು ಶುರುಮಾಡಿದರು. ಕೂಗಿದೆ. 11-50ರವರೆಗೂ ಕೂಗಿದೆ. ನನ್ನ ಕೂಗು ನನಗೇ ಕೇಳಿಸಲಿಲ್ಲ. 11-50ಕ್ಕೆ ಬ್ರೋಕರ್ ಬಂದು ಶಾಪಿನವರಿಗೆಲ್ಲ ಟೀ ತರಿಸಿಕೊಟ್ಟು ಮೆಷಿನ್ ನಿಲ್ಲಿಸಿದ. ಬೀದಿ ತಣ್ಣಗಾಯಿತು. ಅಷ್ಟರಲ್ಲಿ ನನ್ನ ಗಂಟಲು ಪೂರ್ತಿ ಕಟ್ಟಿಹೋಗಿತ್ತು.

12ಕ್ಕೆ ಸರಿಯಾಗಿ ಹೆಂಡತಿ ಹಸಿರು ಬ್ಯಾಗ್ ಹಿಡಿದು ಬಂದಳು. ನಾನು ಮುನಿಸಿಕೊಂಡು ಎಲ್ಲೋ ಕೂತಿದ್ದೇನೆಂದು ತಿಳಿದಿದ್ದಳಂತೆ. ಬ್ರೋಕರ್ ಅಂಗಳದ ನಲ್ಲಿ ತಿರುಗಿಸಿ, ನೋಡಿ ಅಕ್ಕಾ, ಹೆಂಗೆ ಧುಮುಕ್ತಿದೆ ಅಂದ. ಅವಳು ಬ್ಯಾಗಿನ ಜಿಪ್ ಎಳೆದಳು. ಅದು ಅವಳು ಕಣ್ಣು ಕಳೆದುಕೊಂಡು ದುಡಿದ ದುಡ್ಡು ಸ್ವಾಮಿ.

12-04ಕ್ಕೆ ಎಡಗಾಲಿನ ಚಪ್ಪಲಿ ಎಸೆದೆ. ಗುರಿ ಇಟ್ಟದ್ದು ಗೇಟಿಗೆ. ಬಿದ್ದದ್ದು 22 ಅಡಿ ಕೆಳಗೆ, ಬ್ರೋಕರ್‌ನ ನೆತ್ತಿಯ ಮೇಲೆ. ಅವನು ಅಯ್ಯಯ್ಯೋ ಎಂದು ಕುಕ್ಕರಿಸಿದ. ಹೆಂಡತಿ ಚಪ್ಪಲಿ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಕಿತ್ತುಹೋಗಿದ್ದ ಅದರ ಪಟ್ಟಿಯನ್ನು ಅವಳೇ ಕೆಂಪು ದಾರದಲ್ಲಿ ಹೊಲಿದಿದ್ದಳು. ತಲೆ ಎತ್ತಿಯೂ ನೋಡದೆ, ಇದು ನಮ್ಮನೆಯವ್ರದ್ದು, ಅವ್ರು ಮೇಲಿದ್ದಾರೆ ಅಂದ್ರೆ ಇಲ್ಲೇನೋ ಮೋಸ ಇದೆ ಎಂದು ಹೇಳಿ ಜಿಪ್ ಮುಚ್ಚಿದಳು. 35 ವರ್ಷದ ಸಂಸಾರದಲ್ಲಿ ನನ್ನ ಅನುಮಾನವನ್ನು ಅವಳು ನಂಬಿದ್ದು ಇದೇ ಮೊದಲು. ನನಗೆ ಕಣ್ಣು ತುಂಬಿ ಬಂತು.

ಬಲಗಾಲಿನದೂ ಗುರಿ ತಪ್ಪಿ ಬಿದ್ದದ್ದೇ ಎಂದು ಕೇಳಿದ್ದೀರಿ. ಅಲ್ಲ. ಅದು ಗುರಿಯಿಟ್ಟು ಹೊಡೆದದ್ದು.

12-35ಕ್ಕೆ ತಮ್ಮ ಕಾನ್‌ಸ್ಟೆಬಲ್ ಬಂದು ಬೀಗ ತೆಗೆಸಿ ನನ್ನನ್ನು ಇಳಿಸಿದರು. ಹೆಂಡತಿ ಈಗ ಹೊರಗಿನ ಬೆಂಚಿನಲ್ಲಿ ಬ್ಯಾಗ್ ತಬ್ಬಿಕೊಂಡು ಕುಳಿತಿದ್ದು, ಒಂಬತ್ತನೇ ಮನೆ ನೋಡೋವಾಗ ಮೇಲೆ ಅವ್ರೇ ಹತ್ತಲಿ, ಗೇಟಿನ ಬೀಗ ಮಾತ್ರ ನನ್ನ ಕೈಲಿರ್ಬೇಕು ಎಂದು ಅದೇ ಕಾನ್‌ಸ್ಟೆಬಲ್ ಮೂಲಕ ಹೇಳಿ ಕಳುಹಿಸಿರುತ್ತಾಳೆ. ನಾನು ಒಪ್ಪಿರುತ್ತೇನೆ.

ಪಿಸುದನಿಯಲ್ಲಿ ನಾನು ಹೇಳಿದ್ದನ್ನು ಠಾಣೆಯ ರೈಟರ್ ಬರೆದುಕೊಂಡು ಗಟ್ಟಿಯಾಗಿ ಓದಿದ್ದು, ಎಲ್ಲವೂ ನಡೆದದ್ದು ನಡೆದಂತೆಯೇ ಇದೆ. ಚಪ್ಪಲಿಗಳು ಠಾಣೆಯ ವಶದಲ್ಲಿರುವುದರಿಂದ ಬರಿಗಾಲಲ್ಲಿ ನಿಂತು ಸಹಿ ಮಾಡಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14ನೇ ತಾರೀಖು, ಮಧ್ಯಾಹ್ನ 3-40
ಸಹಿ/- (ನಿವೃತ್ತ ಟಿಕೆಟ್ ತಪಾಸಣಾಧಿಕಾರಿ)