ಭಾನುವಾರದ ಗೌಜಿ

ವಿಲ್ಲಿಂಗ್ಡನ್ ಐಲ್ಯಾಂಡಿಗೆ ಹೋಗುವ ಬೋಟಿನಲ್ಲಿ ನನ್ನ ಮುಂದೆ ಒಬ್ಬ ತಾಯಿ, ಮಗಳು ಕೂತಿದ್ದರು. ಮಾತು ಕಾಸರಗೋಡಿನ ಕನ್ನಡ. ಜರ್ಮನಿಯಲ್ಲಿ ಓದುವ ಮಗಳು ರಜೆ ಮುಗಿಸಿ ನಾಳೆ ಹೊರಡುವವಳು.

“ಭಾನುವಾರ ಫೋನ್ ಮಾಡಿದರೆ ನಿನ್ನ ಹಿಂದೆ ಎಂಥ ಗೌಜಿ ಮಾರಾಯ್ತಿ. ಅಷ್ಟು ಜನ ಸ್ನೇಹಿತರಾ?”

“ಸ್ನೇಹಿತರಲ್ಲಮ್ಮ, ಅದು ರೈಲ್ವೆ ಸ್ಟೇಷನ್.”

“ವಾರವಾರ ಎಲ್ಲಿಗೆ ಹೋಗ್ತಿ?”

“ಎಲ್ಲಿಗೂ ಇಲ್ಲ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಬಂದ್. ರೂಮಿನಲ್ಲಿ ಮಿಕ್ಸಿ ಹಾಕಿದರೂ ಸದ್ದಾಯ್ತು ಅಂತ ಪಕ್ಕದವರು ಬಾಗಿಲು ತಟ್ತಾರೆ. ಸ್ಟೇಷನ್ನಿನಲ್ಲಾದರೆ ಜನ ಇರ್ತಾರೆ.”

“ಒಬ್ಬಳೇ ಕೂತು ಎಂತ ಮಾಡ್ತಿ?”

“ಯಾರನ್ನು ಕರ್ಕೊಂಡು ಹೋಗ್ಲಿಕ್ಕೆ ಯಾರು ಬಂದಿದ್ದಾರೆ ಅಂತ ನೋಡ್ತೇನೆ.”



“ಇನ್ನು ಭಾನುವಾರ ನೀನು ಮಾತಾಡದಿದ್ದರೂ ಅಡ್ಡಿಯಿಲ್ಲ. ಫೋನ್ ಹಿಡ್ಕೊಂಡಿರು. ನಾನೂ ಕೂತು ಕೇಳ್ತೇನೆ.”

“ನಿಂಗೆ ಆ ಭಾಷೆ ಗೊತ್ತಾಗುದಿಲ್ಲ.”

“ರೈಲು ಬಂದದ್ದು ಗೊತ್ತಾಗ್ತದಲ್ಲ.”

ಬೋಟು ದಡ ಮುಟ್ಟಿತು. ಮಗಳು ತಾಯಿಯ ಕೈಚೀಲ ಎತ್ತಿಕೊಂಡು ಇಳಿದಳು.