ಮಂಡಿಯ ಮೇಲಿನ ಬರೆ

ಚಳ್ಳಕೆರೆ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿನ ಮುಂದೆ ಬಸ್ಸಿಗೆ ಕಾಯುತ್ತಿದ್ದ ರಂಗಕ್ಕನ ಪಕ್ಕ ಗುರುತಿಲ್ಲದ ತಾಯಿ, ಮಗಳು ಕೂತಿದ್ದರು. ಎತ್ತರದ ಹುಡುಗಿ ಮಡಿಲಲ್ಲಿದ್ದ ಬ್ಯಾಸ್ಕೆಟ್‌ಬಾಲನ್ನು ಬಿಗಿಯಾಗಿ ಅಪ್ಪಿಕೊಂಡಿದ್ದಳು.

"ಅವ್ವಾ, ಹತ್ತನೇ ಕ್ಲಾಸಿಗೇ ಓದು ಬಿಟ್ಟು ಮೈಸೂರಿನ ಕಂಪನಿ ಟೀಮಿಗೆ ಸೇರೋದು ಬ್ಯಾಡ."

"ಯಾಕೆ? ತಿಂಗ್ಳಾ ಸಂಬ್ಳ ಕೊಡ್ತಾರಂತಲ್ಲೇ."

"ಕಾಲು ಕೈ ಕೊಟ್ರೆ ಮನೆಗೆ ಕಳಿಸ್ತಾರೆ. ಆಮ್ಯಾಕೆ ಓದೂ ಇಲ್ಲ, ಆಟಾನೂ ಇಲ್ಲ."

"ಕಾಲಿಗೇನಾಗೈತೆ? ಕುಂಟೋ ಕುರಿಗೆ ಹಾಕ್ದಂಗೆ ನಿನ್ನ ಮಂಡಿಗೂ ಬರೆ ಹಾಕಿದ್ನಲ್ಲ. ನೋವು ಹೋಯ್ತು ಅಂದ್ಯಲ್ಲ?"

"ಹೋಗಿಲ್ಲವ್ವ. ಇನ್ನೊಂದು ಬರೆ ಹಾಕ್ತೀಯ ಅಂತ ಹೆದ್ರಿ ಸುಳ್ಳು ಹೇಳ್ದೆ."

ರಂಗಕ್ಕ ಹುಡುಗಿಯ ಮಂಡಿಯತ್ತ ತಿರುಗಿ ನೋಡಿದಳು. ಮೈಸೂರಿನ ಬಸ್ಸು ಬಂದು ನಿಂತಿತು. ತಾಯಿ ಅದರತ್ತ ನೋಡಲೇ ಇಲ್ಲ. ಚೆಂಡನ್ನು ತಾನೇ ತೆಗೆದುಕೊಂಡಳು.

"ಆಸ್ಪತ್ರೆಗೆ ನಡಿ. ನನ್ನ ಭುಜ ಹಿಡ್ಕೊ."

ಇಬ್ಬರೂ ಗೇಟಿನತ್ತ ಹೊರಟರು. ಇಷ್ಟು ದಿನ ಅವ್ವನಿಂದ ಬಚ್ಚಿಟ್ಟಿದ್ದ ಕುಂಟನ್ನು ಹುಡುಗಿ ಈಗ ಮರೆಮಾಡಲಿಲ್ಲ.