ವರ್ನಾಳ ಕೈಮೇಲೆ ಇನ್ನೊಂದು ಕೈ

ಆ ಶನಿವಾರ ಟಸ್ಕರೋರಾ ಬೆಟ್ಟದ ತಪ್ಪಲಿನ ಕ್ಲಬ್ಬಿನಲ್ಲಿ ಹಳೆಯ ಜರ್ಮನ್ ಪಿಸ್ತೂಲುಗಳ ಪಂದ್ಯ ನಡೆಯಬೇಕಿತ್ತು. ಬೆಳಿಗ್ಗೆ ಹಿಡಿದ ಮಳೆ ಸಂಜೆಯಾಗುತ್ತ ಬಂದರೂ ಬಿಡಲಿಲ್ಲ. ಗುರಿಯ ಕಾಗದಗಳು ನೆನೆದು ಹಲಗೆಗೆ ಅಂಟಿಕೊಂಡವು, ಅವುಗಳ ಹಿಂದಿನ ಮಣ್ಣಿನ ದಿಬ್ಬ ಮಂಜಿನಲ್ಲಿ ಕಾಣದಾಯಿತು. ಪಂದ್ಯ ಮುಂದಕ್ಕೆ ಹೋಯಿತೆಂದು ಸಾರಿದರೂ ಒಬ್ಬರೂ ಮನೆಗೆ ಹೊರಡಲಿಲ್ಲ. ಒಳಗೆ ಸೌದೆ ಒಲೆ ಉರಿಯುತ್ತಿತ್ತು, ಅದರ ಮೇಲೆ ಮೆಕ್ಕೆಜೋಳ ಹಾಕಿದ ಕೋಳಿ ಸೂಪು ಕುದಿಯುತ್ತಿತ್ತು. ಉದ್ದನೆಯ ಮೇಜಿಗೆ ಬಟ್ಟೆ ಹಾಸಿ, ತಂದಿದ್ದ ಪಿಸ್ತೂಲುಗಳನ್ನೆಲ್ಲ ಗುಂಡು ತೆಗೆದು ಸಾಲಾಗಿಟ್ಟು, ಪ್ರತಿಯೊಬ್ಬರೂ ತಮ್ಮದರ ಮಹಿಮೆ ಕೊಚ್ಚಿಕೊಳ್ಳುತ್ತಿದ್ದರು.

ಜೋಲೀನ್ ಎಂಬ ನರ್ಸು ಆ ವರ್ಷವಷ್ಟೇ ಕ್ಲಬ್ಬಿಗೆ ಸೇರಿದವಳು. ಅವಳ ಲೂಗರ್ ಪಿಸ್ತೂಲು ಎಲ್ಲರದಕ್ಕಿಂತ ಹೊಳೆಯುತ್ತಿತ್ತು. ಕಪ್ಪು ನೀಲಿ ಮೈ, ಅದರ ಮೇಲೆ ಒಣಹುಲ್ಲಿನ ಹೊಂಬಣ್ಣದ ಸಣ್ಣ ಬಿಡಿಭಾಗಗಳು, ಪ್ರತಿಯೊಂದರ ಮೇಲೂ ಒಂದೇ ನಂಬರು. ಅದನ್ನು ಹಿಡಿದರೆ ಅವಳಿಗೆ ಎದೆಯುಬ್ಬುತ್ತಿತ್ತು.

“ಇದನ್ನ ನಾನು ಹಾರಿಸೋದೇ ಇಲ್ಲಪ್ಪ. ಗಾಜಿನ ಪೆಟ್ಟಿಗೆ ಮಾಡಿಸಿದೀನಿ,” ಎಂದಳು.

ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಎಮರಿ ಹಾಸ್ಟೆಟರ್ ನಕ್ಕ. ಕ್ಲಬ್ಬಿನಲ್ಲಿ ಅವನಿಗಿಂತ ಹಿರಿಯರಿರಲಿಲ್ಲ. ಅವನ ಮುಂದೆ ಉದ್ದ ನಳಿಗೆಯ ಲೂಗರೊಂದು ಒಂಟಿಯಾಗಿ ಮಲಗಿತ್ತು.

“ವರ್ನಾ ಝೈಡರ್ಸ್ ಇದ್ದಿದ್ರೆ ಈ ಮಾತಿಗೆ ನಿನ್ನ ಈ ಮಳೇಲೇ ಹೊರಗೆ ನಿಲ್ಲಿಸಿರೋಳು ಕಣಮ್ಮಾ.”

“ಯಾರಜ್ಜ ಅದು?”

ಹಳಬರಲ್ಲೊಬ್ಬ ಎದ್ದು ಒಲೆಗೆ ಸೌದೆ ತುರುಕಿದ. ಇನ್ನೊಬ್ಬ ಸದ್ದಾಗದಂತೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಎಮರಿ ಮಳೆಯ ಕಡೆ ನೋಡುತ್ತ ಶುರುಮಾಡಿದ.

“ಝೈಡರ್ಸ್ ಮಾಂಸದಂಗಡಿ ನಿಂಗೆ ಗೊತ್ತಿರಲ್ಲ ಬಿಡು, ಈಗಲ್ಲಿ ಟೈರು ಮಾರ್ತಾರೆ... ಆ ಕಾಲದಲ್ಲಿ ಜಿಂಕೆ ಬೇಟೆ ಶುರುವಾಯ್ತು ಅಂದ್ರೆ ಹೊಡೆದ ಜಿಂಕೆ ಕೊಯ್ಸೋಕೆ ಅವಳ ಅಂಗಡಿ ಬಾಗಿಲಿಂದ ಸೇತುವೆ ತನಕ ಪಿಕಪ್ ಗಾಡಿಗಳು ಸಾಲುಗಟ್ಟಿ ನಿಲ್ಲೋವು. ಗಂಡ ಸತ್ತ ಮೇಲೆ ಒಬ್ಳೇ ನಡೆಸಿದ್ಳು. ಕತ್ತಿ ಹಿಡಿದ್ರೆ ಎಲುಬಿಗೆ ತಾಗಿದ ಸದ್ದೂ ಬರ್ತಿರ್ಲಿಲ್ಲ, ಅಂಥಾ ಕೈ. ಆ ಕೈಗೆ ಪಿಸ್ತೂಲು ಸಿಕ್ಕಿದ್ರೆ ಹೇಗಿರ್ಬೇಕು ನೀವೇ ಹೇಳಿ? ಮೌಸರ್ ಇತ್ತು, ವಾಲ್ಥರ್ ಇತ್ತು, ಲೂಗರ್‌ಗಳಂತೂ ಒಂದು ಬೀರು ತುಂಬ... ಒಂದನ್ನೂ ಸುಮ್ನೆ ಕೂರಿಸ್ತಿರ್ಲಿಲ್ಲ. ‘ಗಾಜಿನೊಳಗಿಟ್ಟು ನೋಡೋಕೆ ನಾನೇನು ಬೊಂಬೆ ಸಾಕಿದೀನಾ?’ ಅನ್ನೋಳು. ಪಂದ್ಯದಲ್ಲಿ ಅವಳು ಎದ್ದು ನಿಂತ್ಳು ಅಂದ್ರೆ ನಾವೆಲ್ಲ ಎರಡನೇ ಸ್ಥಾನಕ್ಕೆ ಕಿತ್ತಾಡ್ತಿದ್ವಿ. ಅವಳಿಗೂ ಅದು ಗೊತ್ತಿತ್ತು, ಮುಚ್ಚಿಟ್ಕೊಳ್ತಾನೂ ಇರ್ಲಿಲ್ಲ. ಜಂಬ ಅಂತೀರಾ? ಹೌದು, ಜಂಬಾನೇ. ಪಡೋ ಹಕ್ಕಿರೋರು ಪಟ್ಕೊಂಡ್ರೆ ತಪ್ಪೇನು?

“ಅಂಥವಳಿಗೆ... ಕೈ ನಡುಕ ಬಂತು.

“ಮೊದಲು ಕಾಫಿ ಲೋಟದಲ್ಲಿ ಕಾಣಿಸ್ತು, ಆಮೇಲೆ ಕತ್ತೀಲಿ, ಆಮೇಲೆ ಗುರಿ ಕಾಗದದ ಮೇಲೆ. ಅವರಪ್ಪನಿಗೂ ಇತ್ತಂತೆ, ವಂಶದಲ್ಲಿ ಬಂದದ್ದು, ಹೋಗೋದಲ್ಲ ಅಂದ್ರು ಡಾಕ್ಟ್ರು. ಅಂಗಡಿ ಮಾರಿದ್ಳು. ಪಂದ್ಯಕ್ಕೆ ಬರೋದು ಬಿಟ್ಳು. ಬಂದ್ರೆ ಲಮಾರ್ ಸ್ಟ್ರೌಸ್ ನಗ್ತಾನಲ್ಲ! ಲಮಾರ್ ಅಂದ್ರೆ... ಪಂದ್ಯದಲ್ಲಿ ವರ್ಷವರ್ಷ ಅವಳ ಹಿಂದೆ ಎರಡನೆಯವನಾಗೇ ಬರ್ತಿದ್ದೋನು, ಬಾಯಿ ಮಾತ್ರ ಎಲ್ಲರಿಗಿಂತ ಮುಂದೆ. ಅವಳು ಮನೇಲಿ ಕೂತು ಪಿಸ್ತೂಲುಗಳಿಗೆ ಎಣ್ಣೆ ಹಚ್ಚೋದು, ಒರೆಸೋದು, ಮತ್ತೆ ಎಣ್ಣೆ ಹಚ್ಚೋದು... ನನಗೆ ನೋಡೋಕಾಗ್ತಿರ್ಲಿಲ್ಲ.

“ಹಾಗಿರುವಾಗ ಎಡ್ನಾ ರಿಚೀ ಅನ್ನೋ ಮುದುಕಿಯ ಹೊಲಮನೆ ಸಾಮಾನು ಹರಾಜಿಗೆ ಬಂತು. ನಾನೇ ಬಲವಂತ ಮಾಡಿ ವರ್ನಾನ ಕರ್ಕೊಂಡೋದೆ. ನೇಗಿಲು, ಹಾಲಿನ ಕ್ಯಾನು, ಹಾಸಿಗೆ ಹೊದಿಕೆ ಎಲ್ಲಾ ಆದ್ಮೇಲೆ ಹರಾಜಿನೋನು ಇದನ್ನ ಎತ್ತಿ ಹಿಡಿದ. ಇದೇ, ಈಗ ನನ್ನ ಮುಂದಿರೋದೇ... ಮೊದಲ್ನೇ ಮಹಾಯುದ್ಧದ್ದು. ಎಡ್ನಾ ಅಪ್ಪ ಫ್ರಾನ್ಸಿಂದ ತಂದದ್ದಂತೆ, ತಂದ ದಿನದಿಂದ ಒಂದು ಗುಂಡೂ ಹಾರಿಸಿಲ್ವಂತೆ. ಲಮಾರ್ ಕೂಗಿದ, ವರ್ನಾ ಕೂಗಿದ್ಳು. ಅವನು ಏರಿಸಿದ, ಅವಳೂ ಏರಿಸಿದ್ಳು. ‘ನಡುಗೋ ಕೈಗ್ಯಾಕೆ ವರ್ನಾ ಇಷ್ಟುದ್ದದ ನಳಿಗೆ? ತೊಟ್ಟಿಲು ತೂಗ್ತೀಯಾ?’ ಅಂದ ನೋಡಿ ಅವನು, ಎಲ್ಲರೆದುರಿಗೆ. ಅಷ್ಟೇ! ಆಮೇಲೆ ಅವಳು ಕೂಗಿದ ಬೆಲೆಗೆ ಅವನ ಬಾಯಿ ಮುಚ್ಚೋಯ್ತು.

“ಮಾರನೇ ದಿನ ಇಲ್ಲಿಗೇ ಬಂದ್ವಿ, ನಾವಿಬ್ರೇ. ನಾನು ಗುಂಡು ತುಂಬಿ ಕೊಟ್ಟೆ. ಅವಳು ಎತ್ತಿದ್ಳು, ನಳಿಗೆ ತುದಿ ಗಾಳೀಲಿ ಹುಲ್ಲಿನ ಥರ ಅಲ್ಲಾಡ್ತಾ ಇತ್ತು... ಆಮೇಲೆ ನಿಂತೋಯ್ತು. ನಿಂತೋಯ್ತು ಅಂದ್ರೆ, ಗೋಡೆಗೆ ಮೊಳೆ ಹೊಡೆದ ಹಾಗೆ! ಲೂಗರ್ ಹಾರಿಸುವಾಗ ಮೇಲ್ಗಡೆ ಕೀಲು ಮೊಣಕಾಲು ಮಡಚಿದ ಹಾಗೆ ಎದ್ದು ಬೀಳುತ್ತಲ್ಲ, ಅದು ಎದ್ದು ಬಿತ್ತು, ಎದ್ದು ಬಿತ್ತು, ಎದ್ದು ಬಿತ್ತು... ಹೋಗಿ ನೋಡಿದ್ರೆ ಎಲ್ಲಾ ಗುಂಡೂ ಒಂದೇ ತೂತಲ್ಲಿ. ನಾನು ಕುಣಿದಾಡಿಬಿಟ್ಟೆ. ಅವಳು ಮಾತ್ರ ತನ್ನ ಬಲಗೈಯನ್ನೇ ನೋಡ್ತಾ ನಿಂತಿದ್ಳು.

“‘ಎಮರಿ, ನೀನು ನನ್ನ ಕೈ ಹಿಡ್ಕೊಂಡ್ಯಾ?’ ಅಂದ್ಳು.

“ನಾನು ಎಲ್ಲಿ? ಅವಳ ಹಿಂದೆ, ಬಾಗಿಲ ಹತ್ರ. ‘ನಿಂಗೇನು ತಲೆ ಕೆಟ್ಟಿದ್ಯಾ?’ ಅಂದೆ. ಅವಳ ಕೈ ಮುಟ್ಟಿ ನೋಡ್ದೆ... ಬಾವಿಯಿಂದ ಈಗ್ತಾನೇ ಎತ್ತಿದ ಕಲ್ಲಿನ ಹಾಗೆ ತಣ್ಣಗಿತ್ತು.”

ಒಲೆಯಲ್ಲಿ ಸೌದೆ ಚಟಗುಟ್ಟಿತು. ಜೋಲೀನ್‌ಗೆ ನಗಬೇಕೆನಿಸಿತು, ಆದರೆ ಯಾರೂ ನಗುತ್ತಿರಲಿಲ್ಲ.

“ಆ ಬೇಸಿಗೆ ವರ್ನಾ ಗೆಲ್ಲದ ಪಂದ್ಯ ಇಲ್ಲ. ಲಮಾರ್ ಬಾಯಿಗೆ ಬೀಗ. ಅವಳು ಊರಲ್ಲಿ ನಡೆಯೋ ಠೀವೀನೇ ಬೇರೆ ಆಯ್ತು. ಒಂದು ಕಪ್ ಗೆದ್ದವಳು ಅದನ್ನ ತಗೊಂಡು ಎಡ್ನಾ ಮುದುಕಿ ಮನೆಗೆ ಹೋದ್ಳು, ‘ನಿಮ್ಮಪ್ಪ ತಂದ ಪಿಸ್ತೂಲು ನೋಡಿ ಹೇಗೆ ಮೆರೀತಿದೆ’ ಅಂತ ತೋರ್ಸೋಕೆ. ಮುದುಕಿ ಕಪ್ಪಿನ ಕಡೆ ತಿರುಗಿ ಸಹ ನೋಡ್ಲಿಲ್ಲ. ‘ಹಾರಿಸ್ತಿದೀಯಾ ಅದನ್ನ?’ ಅಂದ್ಳಂತೆ. ಎಡ್ನಾ ಅಪ್ಪ ಕುಡಿದಾಗ ಮಾತ್ರ ಹೇಳ್ತಿದ್ದನಂತೆ... ಕಾಡಲ್ಲಿ ಒಬ್ಬ ಜರ್ಮನ್ ಸಿಪಾಯಿ ಮರಕ್ಕೆ ಒರಗಿ ಸತ್ತಿದ್ದ, ಕೈಲಿ ಪಿಸ್ತೂಲು. ಎಳೆದ್ರೆ ಬರ್ಲಿಲ್ಲ. ಒಂದು ಬೆರಳು ಬಿಡಿಸಿ, ಇನ್ನೊಂದು ಬಿಡಿಸೋಷ್ಟರಲ್ಲಿ ಮೊದಲ್ನೇದು ಮತ್ತೆ ಮಡಚ್ಕೋತಿತ್ತಂತೆ. ಸತ್ತೋನ ಬೆರಳು! ‘ನಮ್ಮಪ್ಪ ತಂದಿದ್ದು ಪಿಸ್ತೂಲು ಮಾತ್ರ ಅಲ್ಲ ಕಣೇ, ಅವನು ಇನ್ನೂ ಬಿಟ್ಟಿಲ್ಲ’ ಅಂದ್ಳಂತೆ ಎಡ್ನಾ.

“ಬೇರೆ ಯಾರಾದ್ರೂ ಆಗಿದ್ರೆ ನದೀಗೆ ಎಸೆದಿರೋರು. ವರ್ನಾಗೆ ಹೆದರಿಕೆ ಆಗ್ಲಿಲ್ಲ ಅಂತಲ್ಲ, ಆಯ್ತು. ಯಾಕಂದ್ರೆ ಅಷ್ಟೊತ್ತಿಗೆ ಹಾರಿಸಿದ್ಮೇಲೆ ಕೆಳಗಿಡೋದೇ ಕಷ್ಟ ಆಗ್ತಿತ್ತು, ಎಡಗೈಯಿಂದ ಬಲಗೈ ಬೆರಳುಗಳನ್ನ ಬಿಡಿಸಬೇಕಾಗ್ತಿತ್ತು. ಮಣಿಕಟ್ಟಿನ ಮೇಲೆ ಬೆರಳೊತ್ತಿದ ನೀಲಿ ಗುರುತು, ನಾನೇ ನೋಡಿದೀನಿ. ಆದ್ರೆ ಹೆದರಿಕೆಗಿಂತ ಹೆಚ್ಚಾಗಿ ಅವಳಿಗೆ ಅವಮಾನ ಆಗೋಯ್ತು. ರಾಜ್ಯಮಟ್ಟದ ಪಂದ್ಯಕ್ಕೆ ಹೋಗ್ತಾ ಗಾಡೀಲಿ ಕೂತು ಹೇಳಿದ್ಳು, ‘ಎಮರಿ, ಆ ಕಪ್ಪುಗಳಲ್ಲಿ ಒಂದೂ ನಂದಲ್ಲ. ಯಾವನೋ ಹಾರಿಸ್ದ, ನಾನು ಪಿಸ್ತೂಲು ಕೂರಿಸೋ ಗೂಟದ ಥರ ನಿಂತಿದ್ದೆ.’ ಹಾಗಾದ್ರೆ ಬೇರೆ ಪಿಸ್ತೂಲು ತಗೋ ಅಂದೆ. ‘ಯಾಕೆ ತಗೋಬೇಕು? ಇದು ನನ್ನ ಪಿಸ್ತೂಲು. ಹೋಗೋದಾದ್ರೆ ಅವನು ಹೋಗ್ಲಿ’ ಅಂದ್ಳು.

“ಪಂದ್ಯದ ದಿನ ಜನ ಅಂದ್ರೆ ಜನ. ಅವಳು ಸಾಲಿನಲ್ಲಿ ನಿಂತ್ಳು. ಹಾರಿಸಿ ಅಂತ ಅಪ್ಪಣೆ ಆಯ್ತು. ಅಕ್ಕಪಕ್ಕದೋರೆಲ್ಲ ಢಂ ಢಂ ಅಂತ ಶುರು ಮಾಡಿದ್ರು, ಇವಳು ಮಾತ್ರ ಪಿಸ್ತೂಲು ಗುರಿ ಕಡೆಗೇ ಚಾಚ್ಕೊಂಡು ಸುಮ್ನೆ ನಿಂತಿದಾಳೆ! ಕೈ ಕಲ್ಲಿನ ಹಾಗೆ ನಿಂತಿದೆ, ಬೆರಳಲ್ಲಿ ಕುದುರೆ ಒತ್ತಬೇಕು ಅಷ್ಟೇ, ಒತ್ತಲ್ಲ. ತುಟಿ ಅಲ್ಲಾಡ್ತಿದೆ. ನಾನು ಹಿಂದೇನೇ ಇದ್ದೆ, ಕೇಳಿಸ್ತು. ಜರ್ಮನಿಯಿಂದ ಬಂದ ಮನೆತನದ ನಮ್ಮಜ್ಜಿಯರು ಅಡುಗೆಮನೇಲಿ ಮಾತಾಡ್ತಿದ್ರಲ್ಲ, ಆ ಹಳೇ ಜರ್ಮನ್ ಮಾತು. ಹಟ ಮಾಡೋ ಮಗೂಗೆ ಬುದ್ಧಿ ಹೇಳೋ ಥರ ಹೇಳ್ತಿದ್ಳು. ‘ನೋಡಪ್ಪಾ, ನಿನ್ನ ಗುರಿ ದೊಡ್ಡದೇ, ಒಪ್ಕೊಂಡೆ. ಆದ್ರೆ ಇದು ನನ್ನ ಕೈ. ನಡುಗಿದ್ರೂ ನಂದೇ. ನೀನು ಬಿಡೋ ತನಕ ನಾನು ಹಾರಿಸಲ್ಲ. ಸಾಯೋ ತನಕ ಹೀಗೇ ನಿಂತಿರ್ತೀನಿ, ಯಾರ ಹಟ ಹೆಚ್ಚು ನೋಡೇಬಿಡೋಣ.’

“ಹಾರಿಸೋಕೆ ಕೊಟ್ಟ ಹೊತ್ತು ಮುಗೀತಾ ಬಂತು. ಅವಳ ಹಣೆ ಮೇಲೆ ಬೆವರು, ಮಣಿಕಟ್ಟು ನೀಲಿಗಟ್ಟಿ ಕಪ್ಪಾಗ್ತಿದೆ, ನೋವಿಗೆ ಕಣ್ಣಲ್ಲಿ ನೀರು. ಬಿಡಲಿಲ್ಲ ಅವನು. ಇವಳೂ ಬಗ್ಗಲಿಲ್ಲ. ಆಮೇಲೆ... ನಾನು ಕಣ್ಣಾರೆ ಕಂಡೆ. ನಳಿಗೆ ತುದಿ ಒಂಚೂರು ಅಲುಗಿತು. ಮತ್ತೆ ಅಲುಗಿತು. ನಡುಕ! ಅವಳ ಸ್ವಂತ ನಡುಕ ವಾಪಸ್ ಬಂತು. ವರ್ನಾ ಮುಖದಲ್ಲಿ ನಗು ಅರಳ್ತು ನೋಡಿ... ಮದುವೆ ದಿನಾನೂ ಅವಳು ಹಾಗೆ ನಕ್ಕಿರಲಿಲ್ಲ. ಉಳಿದ ಹೊತ್ತಲ್ಲಿ ಪಟಪಟ ಹಾರಿಸಿ ಮುಗಿಸಿದ್ಳು.

“ಗುರಿ ಕಾಗದ ತಂದ್ರು. ಮೂಲೇಲೊಂದು, ಅಂಚಲ್ಲೊಂದು, ಕಾಗದಕ್ಕೇ ತಾಗದ್ದು ಕೆಲವು. ಒಂದೇ ಒಂದು ಮಾತ್ರ ಕಪ್ಪು ಚುಕ್ಕಿಯ ಅಂಚನ್ನ ಕಚ್ಕೊಂಡಿತ್ತು. ಪಟ್ಟೀಲಿ ಅವಳ ಹೆಸರು ಕೆಳಗಿಂದ ಹುಡುಕಿದ್ರೆ ಬೇಗ ಸಿಗೋ ಹಾಗಿತ್ತು. ಗೆದ್ದವನು ಲಮಾರ್. ಕಪ್ ಕಂಕುಳಲ್ಲಿಟ್ಕೊಂಡು ಬಂದ. ‘ಏನ್ ವರ್ನಾ, ಕೊನೆಗೂ ಕೈ ಕೊಡ್ತಾ?’ ಅಂದ.

“‘ಇಲ್ಲ ಲಮಾರ್, ಅವನ ಕೈ ಅವನಿಗೆ ವಾಪಸ್ ಕೊಟ್ಟೆ’ ಅಂದ್ಳು. ಅವನಿಗೇನು ಅರ್ಥ ಆಗ್ಬೇಕು? ಕಣ್ಣು ಕಣ್ಣು ಬಿಟ್ಟ. ಅವಳು ಆ ತೂತುಬಿದ್ದ ಕಾಗದಕ್ಕೆ ಚೌಕಟ್ಟು ಹಾಕಿಸಿದ್ಳು. ಆ ಬೇಸಿಗೆ ಗೆದ್ದ ಕಪ್ಪುಗಳನ್ನೆಲ್ಲ ಕ್ಲಬ್ಬಿಗೆ ವಾಪಸ್ ಮಾಡಿದ್ಳು, ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಆಮೇಲೆ ಬದುಕಿದ್ದಷ್ಟು ವರ್ಷಾನೂ ಇದೇ ಪಿಸ್ತೂಲಲ್ಲಿ ಪಂದ್ಯಕ್ಕೆ ಬಂದ್ಳು, ಒಂದೂ ಗೆಲ್ಲಲಿಲ್ಲ, ತಲೆ ಒಂದಿಂಚೂ ಕೆಳಗಾಗಲಿಲ್ಲ. ಹೋಗೋ ಮುಂಚೆ ಇದನ್ನ ನನ್ನ ಕೈಗಿಟ್ಳು. ನಾನು ಎಷ್ಟೋ ಜನ ಗೆದ್ದೋರನ್ನ ನೋಡಿದೀನಿ ಕಣಮ್ಮಾ. ಅವಳು ಸೋತ ಹಾಗೆ ಗೆದ್ದೋರು ಯಾರೂ ಇಲ್ಲ.”

ಮಾಡಿನ ತಗಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಜೋಲೀನ್ ತನ್ನ ಹೊಳೆಯುವ ಲೂಗರನ್ನು ಯಾಕೋ ಸ್ವಲ್ಪ ದೂರಕ್ಕೆ ಸರಿಸಿದಳು.

“ಹಾಗಾದ್ರೆ ಅವನು ಹೋದ್ನಾ ಅಜ್ಜ? ಈಗ ಇದರಲ್ಲಿ ಯಾರೂ ಇಲ್ಲ ಅಲ್ವಾ?”

“ಅವನು ಹೋದ,” ಎಂದ ಎಮರಿ. “ಮತ್ತೆ ಬರ್ಲಿಲ್ಲ.” ಉದ್ದ ನಳಿಗೆಯ ಪಿಸ್ತೂಲನ್ನೆತ್ತಿ, ಕೀಲು ತೆರೆದು ಖಾಲಿಯಿರುವುದನ್ನು ಎಲ್ಲರಿಗೂ ತೋರಿಸಿ, ಕಿಟಕಿಯಾಚೆಯ ದಿಬ್ಬದ ಕಡೆಗೆ ಕೈ ಚಾಚಿದ. ನಳಿಗೆಯ ತುದಿ ಗಡಗಡ ನಡುಗುತ್ತಿತ್ತು. ಪಾಪ, ವಯಸ್ಸಾಯಿತು ಎಂದುಕೊಂಡಳು ಜೋಲೀನ್. ದಿನವೂ ಆಸ್ಪತ್ರೆಯಲ್ಲಿ ಇಂಥ ಕೈಗಳನ್ನು ನೋಡುವವಳು ಅವಳು.

ಎಮರಿ ಪಿಸ್ತೂಲನ್ನು ಮೆಲ್ಲಗೆ ಬಟ್ಟೆಯ ಮೇಲಿಟ್ಟ. ಅದೇ ಕೈಯಿಂದ, ಅಂಚಿನ ತನಕ ತುಂಬಿದ್ದ ಬಿಸಿ ಸೂಪಿನ ಬಟ್ಟಲನ್ನೆತ್ತಿ ಅವಳ ಮುಖದೆದುರು ಹಿಡಿದ. ಸೂಪಿನ ಮೇಲೆ ಒಂದು ಅಲೆಯೂ ಏಳಲಿಲ್ಲ.

“ನನ್ನ ಕೈ ಯಾವತ್ತೂ ನಡುಗಿಲ್ಲಮ್ಮ,” ಎಂದ ಅವನು, ಹೆಮ್ಮೆಯಿಂದ. “ಪಿಸ್ತೂಲಲ್ಲಿರೋ ಆ ನಡುಕ ಅವಳದು.”